ಹೊರಡಲಾಗದವರನ್ನೂ ರೈಲ್ವೆ ಎಣಿಸಲಿ

2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಪ್ರಧಾನಿಯವರು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ಅದೇ ದಿನ ಮೈಸೂರು–ಕುಶಾಲನಗರ ಚತುಷ್ಪಥ ಹೆದ್ದಾರಿಗೂ ಶಂಕುಸ್ಥಾಪನೆ ಆಯಿತು. ಉದ್ದ 92 ಕಿಲೋಮೀಟರ್, ವೆಚ್ಚ ಸುಮಾರು 4,130 ಕೋಟಿ ರೂಪಾಯಿ. ಅದಕ್ಕೆ ನಾಲ್ಕು ವರ್ಷ ಮೊದಲು, 2019ರಲ್ಲಿ, ಇದೇ ಸೀಮೆಯ ಜನರಿಗೆ ಇನ್ನೊಂದು ಮಾತು ಸಿಕ್ಕಿತ್ತು. ಮೈಸೂರಿನ ಪಕ್ಕದ ಬೆಳಗೊಳದಿಂದ ಹೊರಟು ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಕುಶಾಲನಗರ ಮುಟ್ಟುವ ಹೊಸ ರೈಲು ಮಾರ್ಗಕ್ಕೆ ರೈಲ್ವೆ ಸಚಿವಾಲಯ ತಾತ್ವಿಕ ಒಪ್ಪಿಗೆ ಕೊಟ್ಟಿತ್ತು. ಉದ್ದ ಸುಮಾರು 87 ಕಿಲೋಮೀಟರ್, ಅಂದಾಜು ವೆಚ್ಚ ಸುಮಾರು 1,855 ಕೋಟಿ. ಹೆದ್ದಾರಿಯ ಕೆಲಸ ನೆಲಕ್ಕಿಳಿಯಿತು. ರೈಲಿನ ಕೆಲಸ ಕಡತ ಬಿಟ್ಟು ಕದಲಿಲ್ಲ. ಹುಣಸೂರಿನ ದಿಕ್ಕಿಗೆ ಇವತ್ತಿಗೂ ಒಂದು ಅಡಿ ಹಳಿ ಬಿದ್ದಿಲ್ಲ.

ಈ ಎರಡು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು, ರೈಲು ಅರ್ಧ ಬೆಲೆಗೆ ಸಿಗುತ್ತಿತ್ತು ಎಂದು ನಾನು ವಾದಿಸುವುದಿಲ್ಲ. 2019ರ ಅಂದಾಜು ಇಂದಿಗೆ ಏರಿರುತ್ತದೆ, ಭೂಮಿಯ ಬೆಲೆ ಇನ್ನಷ್ಟು ಏರಿರುತ್ತದೆ. ನನ್ನ ಪ್ರಶ್ನೆ ಬೇರೆ. ಒಂದೇ ದಾರಿಗೆ, ಒಂದೇ ಸರ್ಕಾರ, ಕಾರು ಲಾರಿಗಳಿಗೆ ನಾಲ್ಕು ಪಥ ಕೊಡಲು ಮುಂದಾಗುತ್ತದೆ. ಟಿಕೆಟ್ ಕೊಂಡು ಕೂತು ಹೋಗುವವರ ಸರದಿ ಬಂದಾಗ ಮಾತ್ರ ಲಾಭ ನಷ್ಟದ ತಕ್ಕಡಿ ಏಕೆ ಹೊರಗೆ ಬರುತ್ತದೆ?

ನಾನು ಹುಟ್ಟಿದ್ದು ಕೆ.ಆರ್.ನಗರ ತಾಲ್ಲೂಕಿನಲ್ಲಿ, ರೈಲು ಹಳಿಗೆ ಹತ್ತಿರದ ಹಳ್ಳಿಯಲ್ಲಿ. ಸೇರಿದ್ದು ಹುಣಸೂರು ತಾಲ್ಲೂಕಿನ ಹೊಗೆಸೊಪ್ಪು ಬೆಳೆಯುವ ಮನೆಯನ್ನು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಹಳಿ ಇರುವ ತಾಲ್ಲೂಕು, ಹಳಿ ಇಲ್ಲದ ತಾಲ್ಲೂಕು ಎರಡರಲ್ಲೂ ಬಾಳಿದ ಅನುಭವ ನನ್ನದು. ರೈಲು ಒಂದು ಊರಿನ ದಿನಚರಿಯನ್ನು ಹೇಗೆ ತಿದ್ದುತ್ತದೆ ಎಂಬುದನ್ನು ನಾನು ಮೊದಲು ಕಂಡದ್ದು ತವರುಮನೆಯ ಜಗಲಿಯಲ್ಲಿ.

ಆಗ ಅದು ಮೀಟರ್ ಗೇಜ್ ಹಳಿ. ಬೆಳಗಿನ ಪ್ಯಾಸೆಂಜರ್ ಹೊತ್ತಿಗೆ ನಮ್ಮೂರ ಹೆಂಗಸರು ಸೊಪ್ಪಿನ ಹೊರೆ, ಬದನೆಕಾಯಿ ಕುಕ್ಕೆ, ಮೊಸರಿನ ಗಡಿಗೆ ಹೊತ್ತು ನಿಲ್ದಾಣದ ಕಡೆ ನಡೆಯುತ್ತಿದ್ದರು. ಗಾಡಿಯೊಳಗೆ ಕುಕ್ಕೆ ಇಟ್ಟುಕೊಂಡು ನೆಲದ ಮೇಲೆ ಕೂರುತ್ತಿದ್ದರು. ಮೈಸೂರಿನಲ್ಲಿ ಮಾರಿ, ಸಂಜೆಯ ಗಾಡಿಗೆ ಮಗುವಿಗೊಂದು ಬನ್ನು, ಮನೆಗೆ ಸೀಮೆಎಣ್ಣೆ ತಂದುಕೊಂಡು ಹಿಂದಿರುಗುತ್ತಿದ್ದರು. ನಮ್ಮ ಅಪ್ಪ ಕೋರ್ಟು ಕಚೇರಿ ಕೆಲಸಕ್ಕೆ ಅದೇ ಗಾಡಿ ಹಿಡಿಯುತ್ತಿದ್ದರು. ನಮ್ಮ ಓಣಿಯ ಹೆಣ್ಣುಮಕ್ಕಳು ಮಹಾರಾಣಿ ಕಾಲೇಜು ಕಂಡದ್ದೂ ಆ ಗಾಡಿಯಿಂದಲೇ. ಮೈಸೂರಿನಲ್ಲಿ ರೂಮು ಮಾಡಿಕೊಡುವ ಶಕ್ತಿ ಇಲ್ಲದ ಮನೆಯವರು, ಕತ್ತಲಾಗುವ ಮೊದಲು ಮಗಳು ಮನೆ ಸೇರುತ್ತಾಳೆ ಎಂಬ ಧೈರ್ಯಕ್ಕೆ ಓದಲು ಕಳಿಸಿದರು. ತಿಂಗಳ ಪಾಸು ಒಂದು ಮನೆಯ ಹೆಣ್ಣುಮಗಳ ಪದವಿಯನ್ನು ನಿರ್ಧರಿಸುತ್ತಿತ್ತು.

ಮದುವೆಯಾಗಿ ಹುಣಸೂರಿನ ಕಡೆ ಬಂದ ಮೇಲೆ ಈ ಸೌಕರ್ಯ ಎಲ್ಲರಿಗೂ ಇಲ್ಲ ಎಂಬುದು ತಿಳಿಯಿತು. ಇಲ್ಲಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ದೂರ ಹೆಚ್ಚೇನಿಲ್ಲ. ಆದರೆ ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಬರುವ ಬಸ್ಸುಗಳು ಪಿರಿಯಾಪಟ್ಟಣ, ಕುಶಾಲನಗರದಿಂದಲೇ ತುಂಬಿ ಬರುತ್ತವೆ. ನನ್ನ ತರಗತಿಯ ಹುಡುಗಿಯರು ಮೊದಲ ಪೀರಿಯಡ್ಡಿಗೆ ಬಂದವರೇ ಬೆವರು ಒರೆಸಿಕೊಂಡು, “ಮೇಡಂ, ಬಸ್ಸಲ್ಲಿ ನಿಲ್ಲೋಕೇ ಜಾಗ ಇರ್ಲಿಲ್ಲ” ಎನ್ನುತ್ತಿದ್ದರು. ಮೈಸೂರಿನಲ್ಲಿ ಎಂ.ಎ. ಸೀಟು ಸಿಕ್ಕಿಯೂ ಹೋಗದೆ ಉಳಿದವರನ್ನು ನಾನು ಕಂಡಿದ್ದೇನೆ. ಫೀಸು ಕಟ್ಟಲು ಮನೆಯಲ್ಲಿ ಹಣವಿತ್ತು. ದಿನಾ ಹೋಗಿ ಬರುವ ದಾರಿ ಇರಲಿಲ್ಲ.

ನಮ್ಮತ್ತೆಗೆ ಕಣ್ಣಿನ ಪೊರೆ ಬಂದಿತ್ತು. ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದಾಗಲೆಲ್ಲ, “ಬಸ್ಸಲ್ಲಿ ಅಷ್ಟೊತ್ತು ನಂಗೆ ತಡ್ಕಳಕಾಗಲ್ಲ ಕಣವ್ವ, ಸುಗ್ಗಿ ಕಳೀಲಿ” ಎಂದು ಮುಂದೂಡುತ್ತಿದ್ದರು. ತಡೆದುಕೊಳ್ಳುವುದು ಎಂದರೆ ಏನೆಂದು ಹೆಂಗಸರಿಗೆ ಗೊತ್ತು. ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ, ಎಪ್ಪತ್ತು ದಾಟಿದವರಿಗೆ ಗೊತ್ತು. ರೈಲಿನಲ್ಲಿ ಶೌಚಾಲಯವಿದೆ, ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು, ಮಗುವನ್ನು ಮಲಗಿಸಬಹುದು, ಮೂಟೆ ಇಡಬಹುದು. ಕೆ.ಆರ್. ಆಸ್ಪತ್ರೆಗೆ, ಚೆಲುವಾಂಬ ಆಸ್ಪತ್ರೆಗೆ, ಜಯದೇವಕ್ಕೆ ನಮ್ಮ ತಾಲ್ಲೂಕುಗಳಿಂದ ಹೋಗುವ ರೋಗಿಗಳಿಗೆ ಇವು ಸಣ್ಣ ಸಂಗತಿಗಳಲ್ಲ. ಯೋಜನಾ ವರದಿಯ ಯಾವ ಕಲಮಿನಲ್ಲೂ ಇದಕ್ಕೆ ಬೆಲೆ ಕಟ್ಟಿದ್ದನ್ನು ನಾನು ನೋಡಿಲ್ಲ.

ರೈಲು ಮಾರ್ಗಗಳನ್ನು ಹೇಗೆ ತೂಗಿ ನೋಡುತ್ತಾರೆ? ಮೊದಲು ಸಂಚಾರ ಸಮೀಕ್ಷೆ ನಡೆಯುತ್ತದೆ. ಈಗ ಆ ದಾರಿಯಲ್ಲಿ ಎಷ್ಟು ಜನ, ಎಷ್ಟು ಸರಕು ಓಡಾಡುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಅದರಲ್ಲಿ ರೈಲಿಗೆ ಎಷ್ಟು ಬಂದೀತು ಎಂದು ಅಂದಾಜಿಸುತ್ತಾರೆ. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡ ಎಷ್ಟು ಮರಳುತ್ತದೆ ಎಂದು ತೆಗೆಯುತ್ತಾರೆ. ಆ ಪ್ರಮಾಣ ನಿಗದಿಗಿಂತ ಕಡಿಮೆ ಬಂದರೆ ಯೋಜನೆ ಹಿಂದೆ ಸರಿಯುತ್ತದೆ, ಇಲ್ಲವೇ ರಾಜ್ಯ ಸರ್ಕಾರ ಅರ್ಧ ಹಣ ಹಾಕಲಿ, ಭೂಮಿ ಉಚಿತವಾಗಿ ಕೊಡಲಿ ಎಂಬ ಷರತ್ತು ಬರುತ್ತದೆ. ಕಲ್ಲಿದ್ದಲು, ಅದಿರು, ಸಿಮೆಂಟು ಸಾಗುವ ದಾರಿ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಜನರನ್ನಷ್ಟೇ ಒಯ್ಯುವ ದಾರಿ ಪಾಸಾಗುವುದು ಅಪರೂಪ.

ಈ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ಇವತ್ತು ಪ್ರಯಾಣ ಮಾಡುತ್ತಿರುವವರು ಮಾತ್ರ ಅದರೊಳಗೆ ಸಿಗುತ್ತಾರೆ. ಹೋಗಬೇಕೆಂದಿದ್ದೂ ಹೋಗಲಾರದೆ ಕುಳಿತವರು ಸಿಗುವುದಿಲ್ಲ.

ಹೊರಡಲಾಗದವರು ಎಷ್ಟಿದ್ದರು ಎಂಬುದನ್ನು ಕರ್ನಾಟಕ ಈಚೆಗೆ ಕಣ್ಣಾರೆ ಕಂಡಿತು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಜಾರಿಗೆ ಬಂತು. ಮರುದಿನದಿಂದಲೇ ಬಸ್ಸುಗಳಲ್ಲಿ ಹೆಂಗಸರು ಕಿಕ್ಕಿರಿದರು. ಅವರೇನು ಆಕಾಶದಿಂದ ಇಳಿದು ಬಂದವರಲ್ಲ. ತವರಿಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ, ಕೆಲಸಕ್ಕೆ ಹೋಗಬೇಕೆಂದು ವರ್ಷಗಟ್ಟಲೆ ಅಂದುಕೊಂಡು ಮನೆಯಲ್ಲಿದ್ದವರು. ನಮ್ಮ ಹೊಲಕ್ಕೆ ಸೊಪ್ಪು ಮುರಿಯಲು ಬರುತ್ತಿದ್ದ ಒಬ್ಬಾಕೆ ಹಿಂದೆಲ್ಲ, “ಅಕ್ಕೋರೇ, ಮೈಸೂರ್ಗೋಗಿ ಬರೋದಂದ್ರೆ ಕೂಲಿನೂ ಹೋಯ್ತು, ಚಾರ್ಜೂ ಹೋಯ್ತು” ಎನ್ನುತ್ತಿದ್ದಳು. ಶಕ್ತಿ ಬಂದ ಮೇಲೆ ಮಗಳ ಬಾಣಂತನಕ್ಕೆ ಎಷ್ಟೋ ಸಲ ಹೋಗಿ ಬಂದಳು. 2022ರಲ್ಲಿ ಯಾರಾದರೂ ಹುಣಸೂರು ಬಸ್ ನಿಲ್ದಾಣದಲ್ಲಿ ನಿಂತು ಸಮೀಕ್ಷೆ ಮಾಡಿದ್ದರೆ ಇವಳ ಹೆಸರು ಅದರಲ್ಲಿ ಇರುತ್ತಿರಲಿಲ್ಲ. ಕುಶಾಲನಗರ ಮಾರ್ಗಕ್ಕೆ ಪ್ರಯಾಣಿಕರು ಸಾಲದು ಎನ್ನುವವರಿಗೆ ನಾನು ಕೊಡುವ ಉತ್ತರ ಇದು. ಸೌಕರ್ಯ ಕೊಟ್ಟ ಮೇಲೆ ಎಣಿಸಿ.

ಬಸ್ಸೇ ಉಚಿತವಾದ ಮೇಲೆ ರೈಲೇಕೆ ಎಂದು ಕೇಳುವವರಿದ್ದಾರೆ. ಶಕ್ತಿ ಹೆಂಗಸರಿಗೆ ದೊಡ್ಡ ಉಪಕಾರ ಮಾಡಿದೆ, ಅದನ್ನು ನಾನು ತುಂಬು ಮನಸ್ಸಿನಿಂದ ಹೇಳುತ್ತೇನೆ. ಆದರೆ ಟಿಕೆಟ್ ದುಡ್ಡು ಮನ್ನಾ ಆದರೆ ಸೀಟು ಹೆಚ್ಚುವುದಿಲ್ಲ. ಗಂಡುಮಕ್ಕಳು, ಕಾರ್ಖಾನೆ ಕೆಲಸಗಾರರು, ಮುದುಕರು ಇವತ್ತಿಗೂ ದುಡ್ಡು ಕೊಟ್ಟು ನಿಂತು ಹೋಗುತ್ತಿದ್ದಾರೆ. ಒಂದು ಪ್ಯಾಸೆಂಜರ್ ಗಾಡಿ ಒಂದೇ ಸಲಕ್ಕೆ ಹತ್ತಾರು ಬಸ್ಸಿನ ಜನರನ್ನು ಕೂರಿಸಿಕೊಂಡು ಹೋಗುತ್ತದೆ. ಸಾಮಾನ್ಯ ಪ್ಯಾಸೆಂಜರಿನ ಕನಿಷ್ಠ ದರ 10 ರೂಪಾಯಿ.

ಟಿಕೆಟ್ಟಿನ ಮೇಲೆ ರೈಲ್ವೆ ಕೆಲವು ವರ್ಷ ಒಂದು ಸಾಲು ಅಚ್ಚು ಹಾಕಿಸುತ್ತಿತ್ತು. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ಪ್ರಯಾಣಿಕರಿಂದ ವಸೂಲು ಮಾಡುತ್ತೇವೆ ಎಂಬ ಸಾಲು. ಉಳಿದದ್ದು ಬಹುಪಾಲು ಸರಕು ಸಾಗಣೆಯ ಗಳಿಕೆಯಿಂದ ತುಂಬುತ್ತದೆ. ಸಂಗತಿ ನಿಜವೇ. ಆದರೆ ಬಡವರ ಕೈಯಲ್ಲಿರುವ ಹತ್ತು ರೂಪಾಯಿ ಚೀಟಿಯ ಮೇಲೆ ಇದನ್ನು ಬರೆದಾಗ ಅವರು ಸರ್ಕಾರಕ್ಕೆ ಸಾಲಗಾರರು ಎಂಬ ಧ್ವನಿ ಬರುತ್ತದೆ. ಸರ್ಕಾರಿ ಶಾಲೆಯ ಹಾಜರಿ ಪುಸ್ತಕದ ಮೇಲೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿ ಚೀಟಿಯ ಮೇಲೆ ಹೀಗೆ ಬರೆಯುವುದನ್ನು ನಾವು ಒಪ್ಪುವುದಿಲ್ಲ. ಪ್ಯಾಸೆಂಜರ್ ರೈಲು ಆ ಸಾಲಿಗೆ ಸೇರಿದ ಸೇವೆ. ಜನರನ್ನು ಕೆಲಸಕ್ಕೆ, ಓದಿಗೆ, ಚಿಕಿತ್ಸೆಗೆ ಮುಟ್ಟಿಸುವುದೇ ಅದರ ಗಳಿಕೆ. ಸರ್ಕಾರದ ಒಡೆತನದಲ್ಲಿ ರೈಲ್ವೆ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುವುದೂ ಇದೇ ಕಾರಣಕ್ಕೆ. ಲಾಭಕ್ಕೆ ಮಾತ್ರ ಓಡಿಸುವುದಾದರೆ ಸರ್ಕಾರದ ಒಡೆತನದ ಅಗತ್ಯವೇ ಇರಲಿಲ್ಲ.

ನಮ್ಮ ನಾಡಿನ ರೈಲಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಬೆಂಗಳೂರು–ಮೈಸೂರು ಹಳಿಯ ಮಣ್ಣಿನ ಕೆಲಸ ನಡೆದದ್ದು ಧಾತು–ಈಶ್ವರ ಸಂವತ್ಸರಗಳ ಭೀಕರ ಬರದಲ್ಲಿ, ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿ. 1882ರಲ್ಲಿ ಗಾಡಿ ಮೈಸೂರು ಮುಟ್ಟಿತು. 1891ರಲ್ಲಿ ನಂಜನಗೂಡಿಗೆ ಹೋಯಿತು. 1918ರ ಹೊತ್ತಿಗೆ ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಹಳಿ ಬಿತ್ತು. ನಮ್ಮ ತವರಿನ ಗಾಡಿ ಓಡುವುದು ಇದೇ ಹಳಿಯ ಮೇಲೆ. 1926ರಲ್ಲಿ ನಂಜನಗೂಡಿನ ಹಳಿ ಚಾಮರಾಜನಗರ ತಲುಪಿತು. ಅಲ್ಲಿಗೆ ಮುಗಿಯಿತು. ಮೈಸೂರು ನಿಲ್ದಾಣದಿಂದ ಹೊರಡುವ ಮೂರು ದಿಕ್ಕಿನ ದಾರಿಯೂ ಸಂಸ್ಥಾನದ ಕಾಲದವು. 1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯೊಳಗೆ ಸೇರಿತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಆಯಿತು. ಮೀಟರ್ ಗೇಜ್ ಬ್ರಾಡ್ ಗೇಜ್ ಆಯಿತು, ಬೆಂಗಳೂರಿನ ಕಡೆ ಜೋಡಿ ಹಳಿ ಆಯಿತು. 2022ರ ನವೆಂಬರ್‌ನಲ್ಲಿ ದಕ್ಷಿಣ ಭಾರತದ ಮೊದಲ ವಂದೇ ಭಾರತ್ ಚೆನ್ನೈನಿಂದ ಮೈಸೂರಿಗೆ ಬಂತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಸ್ವಾತಂತ್ರ್ಯ ಬಂದ ಮೇಲೆ ಮೈಸೂರಿನಿಂದ ನಾಲ್ಕನೆಯ ದಿಕ್ಕಿಗೆ ಒಂದೇ ಒಂದು ಹೊಸ ಹಳಿ ಹೊರಡಲಿಲ್ಲ. ಆ ನಾಲ್ಕನೆಯ ದಿಕ್ಕೇ ಹುಣಸೂರು, ಪಿರಿಯಾಪಟ್ಟಣ.

ಈ ದಿಕ್ಕಿನಲ್ಲಿ ಏನಿದೆ ಎಂದು ಕೇಳುವವರು ಒಂದು ದಿನ ಬಂದು ನೋಡಲಿ. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಗಳಿವೆ. ಕರ್ನಾಟಕದ ವರ್ಜೀನಿಯಾ ತಂಬಾಕಿನ ಬಹುಪಾಲು ಇದೇ ತಾಲ್ಲೂಕುಗಳ ಬ್ಯಾರನ್‌ಗಳಲ್ಲಿ ಬೆಂದು ಹದವಾಗುವುದು. ತಂಬಾಕು ಬಿಡಿ, ಬೇರೆ ಬೆಳೆ ಬೆಳೆಯಿರಿ ಎಂದು ಸರ್ಕಾರವೇ ನಮಗೆ ಹೇಳುತ್ತಿದೆ. ಬಿಡೋಣ, ಆರೋಗ್ಯದ ದೃಷ್ಟಿಯಿಂದ ಬಿಡಲೇಬೇಕು. ಆದರೆ ಶುಂಠಿ, ಮುಸುಕಿನ ಜೋಳ, ತರಕಾರಿ ಬೆಳೆದವನಿಗೆ ದೂರದ ಮಾರುಕಟ್ಟೆಯ ದಾರಿ ಬೇಕು, ಬೇಸಾಯ ಬಿಟ್ಟ ಮಗನಿಗೆ ದಿನಾ ಹೋಗಿ ಬರುವ ಉದ್ಯೋಗ ಬೇಕು. ಆ ಉದ್ಯೋಗ ಇರುವುದು ಹೂಟಗಳ್ಳಿ, ಹೆಬ್ಬಾಳ, ಬೆಳವಾಡಿ, ಕೂರ್ಗಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ. ಇವೆಲ್ಲ ಮೈಸೂರಿನ ಪಶ್ಚಿಮದ ಅಂಚಿನಲ್ಲಿ, ಈ ಹಳಿ ಹೊರಡಬೇಕಾದ ಬೆಳಗೊಳ ಮತ್ತು ಹುಣಸೂರು ರಸ್ತೆಯ ಆಸುಪಾಸಿನಲ್ಲೇ ಇವೆ. ಹುಣಸೂರಿನ ಹುಡುಗ ನಗರದ ಒಳಗೆ ಹೋಗಿ ಇಳಿದು ಮತ್ತೆ ಹಿಂದಕ್ಕೆ ಬರಬೇಕಿಲ್ಲ. ಕಾರ್ಖಾನೆಯ ಮಗ್ಗುಲಲ್ಲೇ ಇಳಿಯಬಹುದು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದಿಂದ ಟಿಬೆಟನ್ನರು ಬಂದು ನೆಲೆಸಿದ್ದಾರೆ, ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಇದ್ದಾರೆ. ದೆಹಲಿ, ಧರ್ಮಶಾಲೆಯ ಕಡೆ ಅವರ ಓಡಾಟ ವರ್ಷವಿಡೀ ಇರುತ್ತದೆ. ಕೊಡಗಿನ ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬರುವ ಕೂಲಿಕಾರರು ಮೈಸೂರಿನಲ್ಲಿ ರೈಲಿಳಿದು, ಗಂಟುಮೂಟೆ ಹೊತ್ತು ಬಸ್ ನಿಲ್ದಾಣಕ್ಕೆ ನಡೆಯುವುದನ್ನು ಯಾರು ಬೇಕಾದರೂ ನೋಡಬಹುದು. ದೂರ ಪ್ರಯಾಣದ ಜನವೂ ಈ ದಾರಿಯಲ್ಲಿ ಧಾರಾಳವಾಗಿದ್ದಾರೆ.

ಕೆ.ಆರ್.ನಗರಕ್ಕೆ ಹಳಿ ಇದೆ, ಅಲ್ಲಿಗೆ ಚಿಂತೆಯಿಲ್ಲ ಎಂದುಕೊಳ್ಳುವ ಹಾಗೂ ಇಲ್ಲ. ಭತ್ತದ ಕಣಜ ಎನಿಸಿಕೊಂಡ ಆ ತಾಲ್ಲೂಕಿನಲ್ಲಿ ನೂರು ವರ್ಷ ದಾಟಿದ ಹಳಿ ಇದ್ದೂ, ದಿನನಿತ್ಯದ ಪ್ರಯಾಣಿಕರಿಗೆ ಒದಗುವುದು ಕಡಿಮೆಯಾಗುತ್ತಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ದೇಶದ ಎಲ್ಲ ಪ್ರಯಾಣಿಕರ ಗಾಡಿಗಳೂ ನಿಂತವು. ಮತ್ತೆ ಓಡತೊಡಗಿದಾಗ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರ ಬಿತ್ತು. ಹತ್ತು ರೂಪಾಯಿಯ ಕನಿಷ್ಠ ಟಿಕೆಟ್ ಮೂವತ್ತಾಯಿತು. ಹಳೆಯ ದರ ಮರಳಿದ್ದು 2024ರ ಫೆಬ್ರುವರಿ ಕೊನೆಯ ಹೊತ್ತಿಗೆ. ನಡುವಿನ ವರ್ಷಗಳಲ್ಲಿ ಸೊಪ್ಪಿನ ಕುಕ್ಕೆಯವರು ಗಾಡಿಯನ್ನು ಮರೆತರು. ಹಿರಿಯ ನಾಗರಿಕರಿಗಿದ್ದ ರಿಯಾಯಿತಿ, ಹೆಂಗಸರಿಗೆ ಶೇ 50, ಗಂಡಸರಿಗೆ ಶೇ 40, ಅದೇ 2020ರ ಮಾರ್ಚ್‌ನಲ್ಲಿ ನಿಂತದ್ದು ಹಿಂದಿರುಗಲೇ ಇಲ್ಲ. ಸಾಗರಕಟ್ಟೆ, ಹೊಸ ಅಗ್ರಹಾರದಂಥ ಸಣ್ಣ ನಿಲ್ದಾಣಗಳ ಜನಕ್ಕೆ ಬೇಕಿರುವುದು ವೇಗದ ಗಾಡಿಯಲ್ಲ. ಕಾಲೇಜು, ಕಾರ್ಖಾನೆಯ ಹೊತ್ತಿಗೆ ಸರಿಯಾಗಿ ಬೆಳಗ್ಗೆ ಎರಡು, ಸಂಜೆ ಎರಡು ಸಣ್ಣ ಗಾಡಿ, ಎಲ್ಲ ಕಡೆ ನಿಲ್ಲುವಂಥದ್ದು. ಬೆಂಗಳೂರು–ಮೈಸೂರು ನಡುವೆ ಓಡುವಂಥ ಮೆಮು ಗಾಡಿ ಹಾಸನದ ಕಡೆಗೂ ಓಡಲಿ. ಚುಂಚನಕಟ್ಟೆ ಜಾತ್ರೆಗೆ, ದಸರೆಗೆ ಹೆಚ್ಚುವರಿ ಗಾಡಿ ಬಿಡಲಿ. ಇದಕ್ಕೆ ಹೊಸ ಹಳಿ ಬೇಡ, ಭೂಸ್ವಾಧೀನ ಬೇಡ, ವೇಳಾಪಟ್ಟಿ ಬರೆಯುವವರ ಮನಸ್ಸು ಸಾಕು.

ನಮ್ಮ ಪಕ್ಕದ ಎಚ್.ಡಿ.ಕೋಟೆ ತಾಲ್ಲೂಕಿನ ವಿಷಯ ಬೇರೆಯೇ. ಅಲ್ಲಿಗೆ ರೈಲು ಎಂದಾಗಲೆಲ್ಲ ಮಾತು ಬರುವುದು ಕೇರಳದ ಕಡೆಯಿಂದ. ತಲಶ್ಶೇರಿಯಿಂದ ಮಾನಂದವಾಡಿ ಮೇಲೆ ಮೈಸೂರಿಗೆ, ನಿಲಂಬೂರಿನಿಂದ ನಂಜನಗೂಡಿಗೆ, ಹೀಗೆ ಪ್ರಸ್ತಾವಗಳು ಬರುತ್ತಲೇ ಇವೆ. ಅವೆಲ್ಲ ನಾಗರಹೊಳೆ ಅಥವಾ ಬಂಡೀಪುರದ ಕಾಡನ್ನು ಸೀಳಿಕೊಂಡು, ಇಲ್ಲವೇ ಅದರ ಅಡಿಯಲ್ಲಿ ಸುರಂಗ ಕೊರೆದು ಹೋಗಬೇಕು. ಕಾಕನಕೋಟೆ ಕಾಡಿನ ಮೂಲಕ ಬಾವಲಿಗೆ ಹೋಗುವ ರಸ್ತೆಯನ್ನೇ ರಾತ್ರಿ ಮುಚ್ಚುತ್ತೇವೆ. ಅಂಥ ಕಡೆ ಹಳಿ ಬೇಡ ಎಂದು ಕರ್ನಾಟಕ ಹೇಳುತ್ತಾ ಬಂದಿರುವುದು ಸರಿ. ನಾನೂ ಅದನ್ನೇ ಹೇಳುತ್ತೇನೆ.

ಎಚ್.ಡಿ.ಕೋಟೆ, ಹುಣಸೂರು ತಾಲ್ಲೂಕುಗಳ ಕಾಡಂಚಿನ ಜನರಿಗೆ ರೈಲಿನ ಹಳಿಯ ಪರಿಚಯವಿಲ್ಲದೆ ಇಲ್ಲ. ಆನೆ ಹೊಲಕ್ಕೆ ಬಾರದಂತೆ ಅರಣ್ಯ ಇಲಾಖೆ ಹಳೆಯ ರೈಲು ಕಂಬಿಗಳನ್ನು ನೆಟ್ಟು ನಾಗರಹೊಳೆಯ ಅಂಚಿನಲ್ಲಿ ಬೇಲಿ ಹಾಕಿದೆ. 2018ರ ಡಿಸೆಂಬರ್‌ನಲ್ಲಿ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ಬಳಿ ಅದನ್ನು ದಾಟಲು ಹೋದ ಒಂದು ಆನೆ ಕಂಬಿಯ ಮೇಲೆ ಸಿಕ್ಕಿಕೊಂಡು ಸತ್ತಿತು. ಆ ಚಿತ್ರ ಕಂಡ ಯಾರಿಗೂ ಕಾಡಿನೊಳಗೆ ಹಳಿ ಹಾಕೋಣ ಎನ್ನುವ ಮನಸ್ಸು ಬಾರದು. ಆದರೆ ಕಾಡು ಉಳಿಸಿದ ಎಚ್.ಡಿ.ಕೋಟೆ ತಾಲ್ಲೂಕಿಗೆ ಅದರ ಬದಲಿಗೆ ಏನು ಸಿಕ್ಕಿತು? 1974ರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು, ಹಳ್ಳಿಗಳು ಮುಳುಗಿದವು. ಕಾಡಿನಿಂದ ಜೇನುಕುರುಬರು, ಬೆಟ್ಟಕುರುಬರು, ಯರವರು ಎದ್ದು ಬಂದು ಹಾಡಿಗಳಲ್ಲಿ ನೆಲೆ ನಿಂತರು. ನೀರು ಕೊಟ್ಟವರು, ಕಾಡು ಕಾದವರು ಇವರು. ಇವರ ಮಕ್ಕಳು ಮೈಸೂರಿನ ಹಾಸ್ಟೆಲಿನಿಂದ ಹಾಡಿಗೆ ಹೋಗಿ ಬರಲು ಇವತ್ತಿಗೂ ಒಂದು ಹಗಲು ಬೇಕು.

ಹಳಿ ಹೋಗಬಾರದ ಕಡೆಗೂ ರೈಲಿನ ಸೌಕರ್ಯ ಹೋಗಬಹುದು. ಸ್ವಿಟ್ಜರ್ಲೆಂಡಿನ ಸರ್ಕಾರಿ ರೈಲ್ವೆ 1982ರಿಂದ ಇಡೀ ದೇಶಕ್ಕೆ ಒಂದು ಕ್ರಮಬದ್ಧ ವೇಳಾಪಟ್ಟಿ ತಂದಿದೆ. ನಿಗದಿತ ಹೊತ್ತಿಗೆ ಗಾಡಿ ಬರುತ್ತದೆ, ಬೆಟ್ಟದ ಹಳ್ಳಿಗಳಿಗೆ ಹೋಗುವ ಅಂಚೆ ಬಸ್ಸು ನಿಲ್ದಾಣದ ಹೊರಗೆ ಅದಕ್ಕಾಗಿ ಕಾಯುತ್ತದೆ. ನಾವು ಹೀಗೇಕೆ ಮಾಡಬಾರದು? ಸರಗೂರಿನವರಿಗೆ ನಂಜನಗೂಡು ನಿಲ್ದಾಣವಿದೆ. ಎಚ್.ಡಿ.ಕೋಟೆ, ಹ್ಯಾಂಡ್‌ಪೋಸ್ಟ್, ಅಂತರಸಂತೆಯವರಿಗೆ ಮೈಸೂರು ಇದೆ, ಮುಂದೆ ಹುಣಸೂರು ಸಿಗಬಹುದು. ಬೆಳಗಿನ ಗಾಡಿ ಹೊರಡುವ ಕಾಲು ಗಂಟೆ ಮೊದಲು ಬಸ್ಸು ನಿಲ್ದಾಣದ ಬಾಗಿಲಿಗೇ ಬಂದು ನಿಲ್ಲಬೇಕು, ಸಂಜೆ ಗಾಡಿ ತಡವಾದರೆ ಬಸ್ಸು ಕಾಯಬೇಕು, ಎರಡಕ್ಕೂ ಸೇರಿ ಒಂದೇ ಪಾಸು ಇರಬೇಕು. ರೈಲ್ವೆ ಕೇಂದ್ರದ್ದು, ಬಸ್ಸು ರಾಜ್ಯದ್ದು ಎಂಬ ಕಾರಣಕ್ಕೆ ಹಾಡಿಯ ಹುಡುಗಿ ರಾತ್ರಿ ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ನಿಲ್ಲಬಾರದು.

ಕುಶಾಲನಗರ ಮಾರ್ಗಕ್ಕೆ ಕೊಡಗಿನ ಪರಿಸರ ಸಂಘಟನೆಗಳ ವಿರೋಧವಿದೆ. ಅವರ ಆತಂಕವನ್ನು ನಾನು ಗೌರವಿಸುತ್ತೇನೆ. ಕುಶಾಲನಗರಕ್ಕೆ ಬಂದ ಹಳಿ ಮಡಿಕೇರಿಗೆ, ಅಲ್ಲಿಂದ ಘಟ್ಟ ಇಳಿದು ಕರಾವಳಿಗೆ ಎಂದು ಬೆಳೆಯುತ್ತಾ ಹೋದೀತು ಎಂಬುದು ಅವರ ಭಯ. ಅದಕ್ಕೆ ಆಧಾರವಿಲ್ಲದಿಲ್ಲ. ಆ ಭಯವನ್ನು ಲಿಖಿತವಾಗಿಯೇ ನಿವಾರಿಸಬಹುದು. ಮೊದಲ ಹಂತ ಬೆಳಗೊಳದಿಂದ ಹುಣಸೂರು. ಎರಡನೆಯದು ಹುಣಸೂರಿನಿಂದ ಪಿರಿಯಾಪಟ್ಟಣ. ಈ ಎರಡೂ ಹಂತದ ದಾರಿ ಬಹುಮಟ್ಟಿಗೆ ಹೊಲಗದ್ದೆ, ಊರುಕೇರಿಗಳ ನಡುವೆ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಕೊಡಗಿನ ಜನ ತೀರ್ಮಾನ ಮಾಡಲಿ. ಅವರ ತೀರ್ಮಾನ ಬರುವತನಕ ನಮ್ಮ ಎರಡು ತಾಲ್ಲೂಕು ಕಾಯಬೇಕೆನ್ನುವುದು ನ್ಯಾಯವಲ್ಲ.

ಭೂಮಿಯ ಪ್ರಶ್ನೆ ಇದಕ್ಕಿಂತ ಕಠಿಣ. ಇಲ್ಲಿ ಎರಡು ಮೂರು ಎಕರೆಯವರೇ ಹೆಚ್ಚು. ಎಷ್ಟೋ ಮನೆಗಳಿಗೆ ಆ ಜಮೀನು ಬಂದದ್ದು ಗೇಣಿ ಮಾಡುತ್ತಿದ್ದವರಿಗೆ ಭೂಮಿ ಕೊಟ್ಟ 1974ರ ಭೂಸುಧಾರಣೆಯಲ್ಲಿ, ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ. ಅಂಥ ಭೂಮಿ ಕೇಳುವಾಗ ಸರ್ಕಾರ ತಲೆ ತಗ್ಗಿಸಿ ಕೇಳಬೇಕು. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ಒಂದು ರೂಪಾಯಿಯೂ ಕಡಿಮೆಯಾಗದೆ, ಹಳಿ ಬೀಳುವ ಮೊದಲೇ ಕೈಗೆ ಬರಬೇಕು. ಒಂಟಿ ಹಳಿಗೆ ಬೇಕಾದ ಅಗಲ ಚತುಷ್ಪಥ ರಸ್ತೆಗೆ ಬೇಕಾದದ್ದಕ್ಕಿಂತ ಕಡಿಮೆ. ಹೆದ್ದಾರಿ ಮುಗಿದು ಇಕ್ಕೆಲದಲ್ಲಿ ಲೇಔಟು, ಹೋಟೆಲು ಎದ್ದ ಮೇಲೆ ಈ ದಾರಿಯಲ್ಲಿ ಜಾಗ ಸಿಗುವುದೂ ಇಲ್ಲ, ಸಿಕ್ಕರೆ ಬೆಲೆ ಕೊಡಲು ಆಗುವುದೂ ಇಲ್ಲ. ಆದ್ದರಿಂದ ಹಳಿ ಹೋಗುವ ಗೆರೆಯನ್ನು ಇಂದೇ ಅಧಿಸೂಚನೆ ಹೊರಡಿಸಿ ಗುರುತಿಸಬೇಕು. ಯಾವ ಸರ್ವೆ ನಂಬರಿನಲ್ಲಿ ಹೋಗುತ್ತದೆ ಎಂದು ರೈತನಿಗೆ ಗೊತ್ತಾಗಲಿ. ಮನೆ ಕಟ್ಟುವವನು, ಬೋರ್‌ವೆಲ್ ಕೊರೆಸುವವನು ನೋಡಿಕೊಂಡು ಮಾಡಲಿ. ತಡ ಮಾಡಿದಷ್ಟೂ ರೈತನಿಗೂ ನಷ್ಟ, ರೈಲ್ವೆಗೂ ನಷ್ಟ.

ಇಷ್ಟೆಲ್ಲ ನ್ಯಾಯ ನಮ್ಮ ಕಡೆ ಇದ್ದೂ ಕೆಲಸ ಏಕೆ ಆಗಲಿಲ್ಲ? ನಮ್ಮ ದನಿ ಹರಿದು ಹಂಚಿಹೋಗಿದೆ. ನಾಲ್ಕೂ ತಾಲ್ಲೂಕು ಮೈಸೂರು ಜಿಲ್ಲೆಯವು, ಎಲ್ಲವೂ ಮೈಸೂರು ರೈಲ್ವೆ ವಿಭಾಗದ ಮಗ್ಗುಲಲ್ಲೇ ಇವೆ. ಆದರೆ ಹುಣಸೂರು, ಪಿರಿಯಾಪಟ್ಟಣ ಮೈಸೂರು–ಕೊಡಗು ಲೋಕಸಭಾ ಕ್ಷೇತ್ರಕ್ಕೆ, ಕೆ.ಆರ್.ನಗರ ಮಂಡ್ಯಕ್ಕೆ, ಎಚ್.ಡಿ.ಕೋಟೆ ಚಾಮರಾಜನಗರಕ್ಕೆ ಸೇರಿವೆ. ಮೂವರು ಸಂಸದರು, ಬೇರೆ ಬೇರೆ ಪಕ್ಷಗಳು. ಅವರಲ್ಲಿ ಒಬ್ಬರೂ ನಾಲ್ಕು ತಾಲ್ಲೂಕನ್ನು ಒಟ್ಟಿಗೆ ಹಿಡಿದು ಮಾತಾಡಿದ್ದನ್ನು ನಾನು ಕೇಳಿಲ್ಲ. ಹಾಸನ–ಬೆಂಗಳೂರು ಮಾರ್ಗ 1996–97ರಲ್ಲಿ ಮಂಜೂರಾಗಿ 2017ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಇಪ್ಪತ್ತು ವರ್ಷ ಹಿಡಿಯಿತು, ಆದರೂ ಆಯಿತು, ಏಕೆಂದರೆ ಅದನ್ನು ಕೇಳುವವರು ಕೇಳುವುದನ್ನು ಬಿಡಲಿಲ್ಲ. ಕಾಫಿ ಸೀಮೆ ಚಿಕ್ಕಮಗಳೂರಿಗೂ ಕಡೂರಿನಿಂದ ಗಾಡಿ ಬಂದದ್ದು 2013ರಲ್ಲಿ. ನಮ್ಮದೂ ಆಗಬಲ್ಲ ಕೆಲಸ.

ಹಣದ ಕೊರತೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2025–26ರ ಬಜೆಟ್‌ನಲ್ಲಿ ಕೇಂದ್ರ ರೈಲ್ವೆಗೆ ಕೊಟ್ಟ ಬಂಡವಾಳ ನೆರವು 2.52 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಕರ್ನಾಟಕದ ಕಾಮಗಾರಿಗಳಿಗೆ 7,564 ಕೋಟಿ ಎಂದು ರೈಲ್ವೆ ಸಚಿವರೇ ಹೇಳಿದರು. ಇಷ್ಟು ಹಣ ಓಡಾಡುವಲ್ಲಿ ನಮ್ಮ ಮಾರ್ಗದ ಮೊದಲ ಹಂತಕ್ಕೆ ಜಾಗವಿಲ್ಲ ಎನ್ನುವುದು ಆದ್ಯತೆಯ ಮಾತು. ಹೆಸರು ಉಳಿಸಿಕೊಳ್ಳಲು ಯೋಜನೆಯ ಮುಂದೆ ಒಂದು ಸಾವಿರ ರೂಪಾಯಿ ಬರೆದಿಡುವ ಪದ್ಧತಿ ಬಜೆಟ್ ಪುಸ್ತಕಗಳಲ್ಲಿ ಇದೆ. ಅಂಥ ಸಾವಿರ ರೂಪಾಯಿ ನಮಗೆ ಬೇಡ.

ಮೂವರು ಸಂಸದರೂ ಒಂದೇ ಪತ್ರಕ್ಕೆ ಸಹಿ ಹಾಕಲಿ. ಅದರಲ್ಲಿ ನಾಲ್ಕು ಬೇಡಿಕೆ ಇರಲಿ: ಬೆಳಗೊಳ–ಹುಣಸೂರು ಹಂತಕ್ಕೆ ಮುಂದಿನ ಬಜೆಟ್‌ನಲ್ಲಿ ಕೆಲಸ ಶುರುವಾಗುವಷ್ಟು ಹಣ, ಪಿರಿಯಾಪಟ್ಟಣದವರೆಗಿನ ಗೆರೆಗೆ ಈ ವರ್ಷವೇ ಅಧಿಸೂಚನೆ, ಕೆ.ಆರ್.ನಗರಕ್ಕೆ ಬೆಳಗ್ಗೆ ಸಂಜೆ ಎಲ್ಲ ಕಡೆ ನಿಲ್ಲುವ ಗಾಡಿ, ಎಚ್.ಡಿ.ಕೋಟೆಗೆ ರೈಲಿನ ಹೊತ್ತಿಗೆ ಹೊಂದುವ ಬಸ್ಸು ಮತ್ತು ಒಂದೇ ಪಾಸು. ರಾಜ್ಯ ಸರ್ಕಾರ ತನ್ನ ಪಾಲಿನ ಭೂಮಿ, ಹಣದ ಬಗ್ಗೆ ಅದೇ ಪತ್ರದ ಕೆಳಗೆ ಬರೆದುಕೊಡಲಿ. ಪತ್ರ ಹೋಯಿತೇ, ಉತ್ತರ ಬಂತೇ ಎಂದು ನಾವು, ನಾಲ್ಕು ತಾಲ್ಲೂಕಿನ ಮತದಾರರು, ಮೂವರನ್ನೂ ಅವರವರ ಕ್ಷೇತ್ರದ ಸಭೆಗಳಲ್ಲಿ ಎದ್ದು ನಿಂತು ಕೇಳೋಣ. ರೈಲ್ವೆಯ ಬಂಡವಾಳದಲ್ಲಿ ನಮ್ಮ ತೆರಿಗೆಯ ಹಣವೂ ಇದೆ. ಅದರ ಮುಂದೆ ನಮ್ಮ ಊರಿಗಾಗಿ ಹಕ್ಕಿನಿಂದ ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.